ಈಗಲ್ ಸ್ಕೌಟ್ ಮುಗಿಸಬೇಕಾ, ಡಿಬೇಟ್ ಹಿಡೀಬೇಕಾ? ಅಮೆರಿಕದ ಕಾಲೇಜು ಅರ್ಜಿಯ ಲೆಕ್ಕಾಚಾರ

ಪ್ರಶ್ನೆ · ಒಂಬತ್ತನೇ_ಗ್ರೇಡ್_ಅಪ್ಪ

ನಾವಿರೋದು ಅಮೆರಿಕದಲ್ಲಿ. ಮಗಳು 9ನೇ ಗ್ರೇಡ್, ಹುಡುಗಿಯರ ಸ್ಕೌಟ್ ಟ್ರೂಪಿನಲ್ಲಿ ಈಗ ಫಸ್ಟ್ ಕ್ಲಾಸ್ ರ‍್ಯಾಂಕ್. ಶಾಲೆಯಲ್ಲಿ ರೋಬೋಟಿಕ್ಸ್, ಡಿಬೇಟ್ ಎರಡೂ ಶುರುವಾಗಿವೆ. ಶನಿವಾರ ಭರತನಾಟ್ಯ ಬೇರೆ. ಎಲ್ಲವನ್ನೂ ಎಳೆದಾಡೋಕೆ ಆಗಲ್ಲ, ಯಾವುದನ್ನಾದರೂ ಬಿಡಲೇಬೇಕು. ಸ್ಕೌಟಿಂಗ್‌ನ ಅತ್ಯುನ್ನತ ರ‍್ಯಾಂಕ್ ಈಗಲ್. ಪರಿಚಯದವರಲ್ಲಿ ಅರ್ಧ ಜನ "ಈಗಲ್ ಆದರೆ ದೊಡ್ಡ ಕಾಲೇಜು ಸಿಕ್ಕ ಹಾಗೇ" ಅಂತಾರೆ, ಇನ್ನರ್ಧ "ಈಗ ಅದನ್ನ ಯಾರೂ ಮೂಸಿ ನೋಡಲ್ಲ" ಅಂತಾರೆ. ಈಗಲ್ ಮುಗಿಸೋಕೆ ನಿಜಕ್ಕೂ ಎಷ್ಟು ಸಮಯ ಬೇಕು, ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ತಾರೆ? ಅರ್ಜಿಯಲ್ಲಿ ಅದು ಎಲ್ಲಿ, ಹೇಗೆ ಕಾಣುತ್ತೆ? ಅದಕ್ಕೋಸ್ಕರ ಡಿಬೇಟ್ ಬಿಡಿಸೋದು ಸರೀನಾ?

ಉತ್ತರ · ಬ್ಯಾಜ್_ಲೆಕ್ಕಿಗ

ಮೊದಲು ತಿಂಗಳ ಲೆಕ್ಕ. ಫಸ್ಟ್ ಕ್ಲಾಸಿನಿಂದ ಮುಂದಿನ ರ‍್ಯಾಂಕ್ ಸ್ಟಾರ್‌ಗೆ ಕನಿಷ್ಠ 4 ತಿಂಗಳು, ಅಲ್ಲಿಂದ ಲೈಫ್‌ಗೆ 6, ಲೈಫ್‌ನಿಂದ ಈಗಲ್‌ಗೆ ಮತ್ತೆ 6. ಅಂದರೆ 16 ತಿಂಗಳು, ಅದೂ ನಡುವೆ ಎಲ್ಲೂ ನಿಲ್ಲದೆ ಹೋದರೆ. ಮೆರಿಟ್ ಬ್ಯಾಜ್ (ಒಂದೊಂದು ವಿಷಯ ಕಲಿತು ಮುಗಿಸಿದಾಗ ಸಿಗುವ ಬ್ಯಾಜ್) ಸ್ಟಾರ್ ಹೊತ್ತಿಗೆ 6, ಲೈಫ್ ಹೊತ್ತಿಗೆ 11, ಈಗಲ್‌ಗೆ 21. 18 ತುಂಬುವ ಮುಂಚೆ ಎಲ್ಲ ಷರತ್ತುಗಳೂ ಮುಗಿದಿರಬೇಕು. ಕೊನೆಯ ಸಂದರ್ಶನ, ಅಂದರೆ ಬೋರ್ಡ್ ಆಫ್ ರಿವ್ಯೂ, ಒಂದು ಮಾತ್ರ ಹುಟ್ಟುಹಬ್ಬದ ನಂತರ ಆಗಬಹುದು.

ಸಿಕ್ಕಿಹಾಕಿಕೊಳ್ಳೋದು ಕಷ್ಟದ ಬ್ಯಾಜುಗಳಲ್ಲಿ ಅಲ್ಲ, ನಿಧಾನದ ಬ್ಯಾಜುಗಳಲ್ಲಿ. ಪರ್ಸನಲ್ ಮ್ಯಾನೇಜ್‌ಮೆಂಟ್‌ಗೆ 13 ವಾರ ಬಿಡದೆ ಖರ್ಚು-ವೆಚ್ಚ ಬರೆದಿಡಬೇಕು. ಪರ್ಸನಲ್ ಫಿಟ್ನೆಸ್‌ಗೆ 12 ವಾರದ ವ್ಯಾಯಾಮ ದಾಖಲೆ. ಫ್ಯಾಮಿಲಿ ಲೈಫ್‌ಗೆ 90 ದಿನ ಮನೆಗೆಲಸದ ಪಟ್ಟಿ. ಬೇಸಿಗೆ ಶಿಬಿರದಲ್ಲಿ ಒಂದೇ ವಾರಕ್ಕೆ ನಾಲ್ಕು ಬ್ಯಾಜ್ ಬಾಚಿಕೊಂಡು ಬಂದ ಮಕ್ಕಳು ಹದಿನೇಳೂವರೆ ವಯಸ್ಸಿನಲ್ಲಿ ಈ ಮೂರನ್ನು ಹಿಡಿದು ಪರದಾಡ್ತಾರೆ. ಈ ಮೂರನ್ನೂ ಈ ವರ್ಷವೇ ಶುರು ಮಾಡಿಸಿ, ಒಟ್ಟೊಟ್ಟಿಗೇ ನಡೆಯುತ್ತೆ. ಆದರೆ ಮೊದಲು ಆ ಬ್ಯಾಜಿನ ಕೌನ್ಸೆಲರ್ (ಬ್ಯಾಜ್ ಕೆಲಸ ನೋಡಿ ಒಪ್ಪಿಗೆ ಕೊಡುವವರು) ಹತ್ತಿರ ಮಾತಾಡಿ ಆಮೇಲೆ ದಾಖಲೆ ಶುರು ಮಾಡಲಿ, ಕೆಲವಕ್ಕೆ ಯೋಜನೆಯನ್ನು ಅವರಿಗೆ ಮೊದಲೇ ತೋರಿಸಬೇಕು. ಕ್ಯಾಂಪಿಂಗ್ ಬ್ಯಾಜಿಗೆ 20 ರಾತ್ರಿ ಬೇಕು. ವಾರದ ಶಿಬಿರದಿಂದ ಹೆಚ್ಚೆಂದರೆ 6 ರಾತ್ರಿ ಲೆಕ್ಕಕ್ಕೆ ಬರುತ್ತೆ. ಉಳಿದ 14 ಅಂದರೆ ಎರಡೆರಡು ರಾತ್ರಿಯ 7 ವಾರಾಂತ್ಯ. ಡಿಬೇಟ್ ಟೂರ್ನಮೆಂಟುಗಳು ಬೀಳೋದೂ ಅದೇ ವಾರಾಂತ್ಯಗಳಲ್ಲಿ. ನಿಮ್ಮ ನಿಜವಾದ ಜಗಳ ಇರೋದು ಇಲ್ಲಿ.

ಇನ್ನೊಂದು ಹೊಂಡ ಜವಾಬ್ದಾರಿಯ ಹುದ್ದೆ. ಸ್ಟಾರ್, ಲೈಫ್, ಈಗಲ್ ಮೂರಕ್ಕೂ ಆಯಾ ಅವಧಿಯಲ್ಲಿ ಹುದ್ದೆ ಬೇಕು. ಅಸಿಸ್ಟೆಂಟ್ ಪೆಟ್ರೋಲ್ ಲೀಡರ್ (ಟ್ರೂಪಿನೊಳಗಿನ ಸಣ್ಣ ಗುಂಪಿನ ಉಪನಾಯಕಿ) ಯಾವುದಕ್ಕೂ ಲೆಕ್ಕವಿಲ್ಲ. ಬ್ಯೂಗ್ಲರ್ (ಕಹಳೆ ಊದುವವರು) ಮೊದಲ ಎರಡಕ್ಕೆ ಆಗುತ್ತೆ, ಈಗಲ್‌ಗೆ ಆಗಲ್ಲ. ಆರು ತಿಂಗಳು ಕಳೆದ ಮೇಲೆ ಇದು ಗೊತ್ತಾದರೆ ಮತ್ತೆ ಆರು ತಿಂಗಳು.

ಇನ್ನು ಈಗಲ್‌ಗೆ ಮಾಡಲೇಬೇಕಾದ ಸೇವಾ ಪ್ರಾಜೆಕ್ಟ್ ವಿಚಾರ. ಇಷ್ಟೇ ಗಂಟೆ ಕೆಲಸ ಆಗಬೇಕು ಅನ್ನೋ ನಿಯಮ ಇಲ್ಲ. ಸ್ಕೌಟಿಂಗ್‌ಗೆ ಹೊರಗಿನ ಸಂಸ್ಥೆಗೆ ಉಪಯೋಗ ಆಗಬೇಕು: ಶಾಲೆ, ದೇವಸ್ಥಾನ, ಲೈಬ್ರರಿ, ಪಾರ್ಕ್ ಯಾವುದಾದರೂ ಸರಿ. ಬರೀ ಹಣ ಎತ್ತೋದು ಪ್ರಾಜೆಕ್ಟ್ ಆಗಲ್ಲ. ಲೈಫ್ ಆದ ಮೇಲಷ್ಟೇ ಶುರು ಮಾಡಬಹುದು. ಪ್ರಸ್ತಾವಕ್ಕೆ ಸ್ಕೌಟ್‌ಮಾಸ್ಟರ್ (ಟ್ರೂಪ್ ನೋಡಿಕೊಳ್ಳುವ ಹಿರಿಯರು), ಟ್ರೂಪ್ ಕಮಿಟಿ, ಉಪಯೋಗ ಪಡೆಯುವ ಸಂಸ್ಥೆ, ಕೌನ್ಸಿಲ್ ಅಥವಾ ಡಿಸ್ಟ್ರಿಕ್ಟ್ (ಸ್ಕೌಟಿಂಗ್‌ನ ಸ್ಥಳೀಯ ಘಟಕಗಳು) ಎಲ್ಲರ ಸಹಿ ಬೀಳುವ ಮುಂಚೆ ಕೆಲಸ ಆರಂಭಿಸಿದರೆ ಇಡೀ ಪ್ರಾಜೆಕ್ಟ್ ತಿರಸ್ಕಾರ ಆಗುವ ಅಪಾಯ ಇದೆ. ಸಂಸ್ಥೆಯವರು "ಈ ಶನಿವಾರವೇ ಬನ್ನಿ, ಮಣ್ಣು ಬಂದಿದೆ" ಅಂತ ಕರೆದಾಗ ಮಕ್ಕಳು ಎಡವೋದು ಇಲ್ಲೇ.

ಮರಗೆಲಸದ ಪ್ರಾಜೆಕ್ಟ್ ಆದರೆ ಕತ್ತರಿಸುವ ದಿನ, ಜೋಡಿಸುವ ದಿನ ಬೇರೆಬೇರೆ ಇಟ್ಟುಕೊಳ್ಳಲಿ. ಟೇಬಲ್ ಸಾ, ಸರ್ಕ್ಯುಲರ್ ಸಾ ಮಕ್ಕಳು ಮುಟ್ಟುವ ಹಾಗಿಲ್ಲ, ದೊಡ್ಡವರೇ ನಡೆಸಬೇಕು. ಎರಡನ್ನೂ ಒಂದೇ ದಿನ ಇಟ್ಟರೆ ಹದಿನೈದು ಮಕ್ಕಳು ಒಬ್ಬ ಅಂಕಲ್ ಹಲಗೆ ಕೊಯ್ಯೋದನ್ನ ನೋಡ್ತಾ ನಿಂತಿರ್ತಾರೆ, ನಿಮ್ಮ ಮಗಳ ನಾಯಕತ್ವಕ್ಕೆ ಅಲ್ಲಿ ಜಾಗವೇ ಇರಲ್ಲ. ಮುಂಚೆಯೇ ಅಳತೆ ಪಟ್ಟಿ ಮಾಡಿ, ಹಲಗೆ ಕತ್ತರಿಸಿ ಇಟ್ಟಿದ್ದರೆ ಸ್ಯಾಂಡಿಂಗ್‌ಗೆ ನಾಲ್ವರು, ಸ್ಕ್ರೂ ಹಾಕೋಕೆ ನಾಲ್ವರು, ಬಣ್ಣಕ್ಕೆ ಮೂವರು ಅಂತ ಹಂಚಿ ನಡೆಸಬಹುದು.

ಉತ್ತರ · ಫಾರ್ಮ್_ಓದುಗ

ಅರ್ಜಿಯ ಕಡೆಯಿಂದ ಹೇಳ್ತೀನಿ. ಕಾಮನ್ ಆ್ಯಪ್‌ನಲ್ಲಿ (ಅನೇಕ ಕಾಲೇಜುಗಳಿಗೆ ಒಂದೇ ಅರ್ಜಿ) ಚಟುವಟಿಕೆಗಳಿಗೆ 10 ಸಾಲು, ಪ್ರಶಸ್ತಿಗಳಿಗೆ 5. ಪ್ರತಿ ಚಟುವಟಿಕೆಯಲ್ಲಿ ಹುದ್ದೆಗೆ 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ವಿವರಣೆಗೆ 150. ಜೊತೆಗೆ ಯಾವ ಗ್ರೇಡುಗಳಲ್ಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ. ಸ್ಕೌಟಿಂಗ್ ಇಡೀ ಒಂದು ಸಾಲು, ಈಗಲ್ ರ‍್ಯಾಂಕ್ ಪ್ರಶಸ್ತಿಯಲ್ಲಿ ಇನ್ನೊಂದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿ ಬೇರೆ, ಅಲ್ಲಿ ಚಟುವಟಿಕೆ, ಪ್ರಶಸ್ತಿ ಎಲ್ಲ ಸೇರಿ 20 ಜಾಗ. ಎಂಐಟಿಯದು ಇದಕ್ಕೆ ತದ್ವಿರುದ್ಧ, ನಾಲ್ಕೇ ಚಟುವಟಿಕೆ ಕೇಳ್ತಾರೆ. ಹತ್ತು ಕ್ಲಬ್ಬಿಗೆ ಹೆಸರು ಕೊಟ್ಟವರಿಗೆ ಅಲ್ಲಿ ಯಾವ ಲಾಭವೂ ಇಲ್ಲ.

ಹಾಳಾಗೋದು ಆ 150 ಅಕ್ಷರದಲ್ಲಿ. "ಟ್ರೂಪಿನ ಸಕ್ರಿಯ ಸದಸ್ಯೆ, ನಾಯಕತ್ವ ಮತ್ತು ಸಹಕಾರ ಕಲಿತೆ" ಅಂತ ಬರೆದರೆ ಓದುವವರಿಗೆ ಏನೂ ಸಿಗಲ್ಲ. ಅದೇ ಜಾಗದಲ್ಲಿ "28 ಹುಡುಗಿಯರ ಟ್ರೂಪಿಗೆ 10 ಕ್ಯಾಂಪ್ ಯೋಜನೆ, ಹೊಸಬರಿಗೆ ಗಂಟು, ಪ್ರಥಮ ಚಿಕಿತ್ಸೆ ಪಾಠ, ಲೈಬ್ರರಿಗೆ 6 ಬೆಂಚು, 19 ಸ್ವಯಂಸೇವಕರು" ಅಂದರೆ ಚಿತ್ರ ಮೂಡುತ್ತೆ. ಹುದ್ದೆ ಹೇಗೂ ಮೇಲಿನ 50 ಅಕ್ಷರದಲ್ಲಿ ಇರುತ್ತೆ, ಕೆಳಗೆ ಮತ್ತೆ ಬರೆದು ಜಾಗ ಕೊಲ್ಲಬೇಡಿ. ಸ್ಕೌಟಿಂಗ್ ಅಂದರೇನು ಅಂತ ವಿವರಿಸೋದೂ ಬೇಡ, 1910ರಿಂದ ಇರುವ ಸಂಸ್ಥೆ, ಓದುವವರಿಗೆ ಗೊತ್ತಿದೆ. ಹೆಸರು ಮಾತ್ರ ಗಮನಿಸಿ: ಬಾಯ್ ಸ್ಕೌಟ್ಸ್ ಆಫ್ ಅಮೆರಿಕ 2025ರ ಫೆಬ್ರವರಿಯಿಂದ ಸ್ಕೌಟಿಂಗ್ ಅಮೆರಿಕ ಆಗಿದೆ. ಗರ್ಲ್ ಸ್ಕೌಟ್ಸ್ ಪೂರ್ತಿ ಬೇರೆ ಸಂಸ್ಥೆ, ಅವರ ಅತ್ಯುನ್ನತ ಪ್ರಶಸ್ತಿ ಗೋಲ್ಡ್ ಅವಾರ್ಡ್. ಎರಡನ್ನೂ ಕಲಸಬೇಡಿ.

ಗಂಟೆ ಲೆಕ್ಕ ಹೀಗೆ ಮಾಡಿ. ವಾರದ ಸಭೆ ಒಂದೂವರೆ ಗಂಟೆ, 40 ವಾರಕ್ಕೆ 60. ವರ್ಷಕ್ಕೆ 10 ವಾರಾಂತ್ಯ ಕ್ಯಾಂಪ್, ಎಚ್ಚರವಿದ್ದ ಹೊತ್ತು ಮಾತ್ರ ತಲಾ 20 ಗಂಟೆ ಹಿಡಿದರೆ 200. ಬೇಸಿಗೆ ಶಿಬಿರ 6 ದಿನ, ದಿನಕ್ಕೆ 10 ಗಂಟೆ, 60. ಒಟ್ಟು 320, 40 ವಾರಕ್ಕೆ ಹಂಚಿದರೆ ವಾರಕ್ಕೆ 8. ನಿದ್ದೆಯನ್ನೂ ಸೇರಿಸಿ 20 ಅಂತ ಹಾಕಿದವರದ್ದು ಬೇಗ ಗೊತ್ತಾಗುತ್ತೆ: ಹತ್ತೂ ಸಾಲು ಕೂಡಿಸಿದಾಗ ಶಾಲೆಯ ಹೊರಗೆ ವಾರಕ್ಕೆ 60 ಗಂಟೆ ದಾಟಿರುತ್ತೆ. ಒಂದು ಸಾಲು ಸುಳ್ಳು ಅನ್ನಿಸಿದರೆ ಉಳಿದ ಒಂಬತ್ತನ್ನೂ ಅನುಮಾನದಿಂದಲೇ ಓದ್ತಾರೆ.

ದಿನಾಂಕದ ಬಗ್ಗೆ: ಅನೇಕ ಕಾಲೇಜುಗಳ ಅರ್ಲಿ ಗಡುವು (ಬೇಗ ಅರ್ಜಿ ಹಾಕುವವರದ್ದು) ನವೆಂಬರ್ 1. 12ನೇ ಗ್ರೇಡಿನ ಡಿಸೆಂಬರ್‌ನಲ್ಲಿ ಬೋರ್ಡ್ ಆಫ್ ರಿವ್ಯೂ ಆದರೆ ಅರ್ಜಿಯಲ್ಲಿ "ಈಗಲ್" ಅಂತ ಬರೆಯೋಕೆ ಆಗಲ್ಲ. "ಲೈಫ್ ಸ್ಕೌಟ್, ಈಗಲ್ ಪ್ರಾಜೆಕ್ಟ್ ಪೂರ್ಣ" ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದು, ಕಾಲೇಜು ಒಪ್ಪುವುದಾದರೆ ಆಮೇಲೆ ಪೋರ್ಟಲ್‌ನಲ್ಲಿ ಅಪ್‌ಡೇಟ್ ಕಳಿಸಬಹುದು. 11ನೇ ಗ್ರೇಡಿನ ವಸಂತದಲ್ಲಿ ಎಪಿ (ಕಾಲೇಜು ಮಟ್ಟದ ವಿಷಯಗಳ) ಪರೀಕ್ಷೆ, ಕಾಲೇಜು ಪ್ರವೇಶದ ಎಸ್‌ಎಟಿ ಎರಡೂ ಕತ್ತಿನ ಮೇಲೆ ಕೂತಿರುತ್ತವೆ, ಹಾಗಾಗಿ 10 ಮುಗಿದ ಬೇಸಿಗೆ ಪ್ರಾಜೆಕ್ಟಿಗೆ ಒಳ್ಳೆಯದು. ಬೋರ್ಡ್ ಆಫ್ ರಿವ್ಯೂ 12ನೇ ಗ್ರೇಡ್ ಶುರುವಾಗುವ ಮುಂಚೆ ಮುಗಿದಿರಲಿ.

ಉತ್ತರ · ಎರಡನೇ_ಅಭಿಪ್ರಾಯ

ಮೇಲಿನದೆಲ್ಲ ಸರಿ, ಆದರೆ ಯಾವ ಕಾಲೇಜು ಅಂತ ಯಾರೂ ಕೇಳಲೇ ಇಲ್ಲ. ಟೆಕ್ಸಾಸ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ತರಗತಿಯ ಮೇಲಿನ 10 ಶೇಕಡಾದವರಿಗೆ ನೇರ ಪ್ರವೇಶ (ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ 2026ರಿಂದ 5 ಶೇಕಡಾ). ಅಲ್ಲಿ ಪ್ರವೇಶ ನಿರ್ಧರಿಸೋದು ತರಗತಿಯ ರ‍್ಯಾಂಕು. ಬಯಸಿದ ಮೇಜರ್ (ಓದುವ ಮುಖ್ಯ ವಿಷಯ) ಸಿಗಬೇಕಾದಾಗ ಮಾತ್ರ ಚಟುವಟಿಕೆ ಕೆಲಸಕ್ಕೆ ಬರುತ್ತೆ. ಬೇರೆ ಕಾಲೇಜುಗಳಿಗೆ "ಕಾಮನ್ ಡೇಟಾ ಸೆಟ್" ಅಂತ ಕಾಲೇಜಿನ ಹೆಸರಿನ ಜೊತೆ ಹುಡುಕಿ, ಸಿ7 ಭಾಗ ತೆರೆಯಿರಿ. ಗ್ರೇಡು, ಪ್ರಬಂಧ, ಚಟುವಟಿಕೆ, ಸ್ವಭಾವ, ಸ್ವಯಂಸೇವೆ ಒಂದೊಂದರ ಮುಂದೆಯೂ ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ ಅಂತ ಅವರೇ ಗುರುತು ಹಾಕಿರ್ತಾರೆ. ಐದು ನಿಮಿಷದ ಕೆಲಸ. ಅಂಕಲ್-ಆಂಟಿಯರ ಅರ್ಧ ವಾದ ಅಲ್ಲೇ ಮುಗಿಯುತ್ತೆ.

ಡಿಬೇಟ್ ಪ್ರಶ್ನೆಗೆ: ಹುಡುಗಿ ಟ್ರೂಪಿನಲ್ಲಿ ಸೀನಿಯರ್ ಪೆಟ್ರೋಲ್ ಲೀಡರ್ (ಇಡೀ ಟ್ರೂಪಿನ ನಾಯಕಿ) ಆಗುವ ಉತ್ಸಾಹದಲ್ಲಿದ್ದರೆ ಸ್ಕೌಟಿಂಗ್ ಇಟ್ಟುಕೊಳ್ಳಿ. ಬರೀ ಬ್ಯಾಜ್ ಎಣಿಸಿಕೊಂಡು ಕೂತಿದ್ದರೆ ಡಿಬೇಟ್‌ನಲ್ಲಿ ಮೂರು ವರ್ಷ ಬೆಳೆದು ಕಿರಿಯರಿಗೆ ಕಲಿಸೋದೇ ಮೇಲು. ಭರತನಾಟ್ಯವನ್ನು ಮಾತ್ರ "ಮನೆ ಹವ್ಯಾಸ" ಅಂತ ಪಟ್ಟಿಯಿಂದ ಬಿಡಬೇಡಿ, ವರ್ಷಗಟ್ಟಲೆ ಒಂದೇ ಕಲೆ ಹಿಡಿದಿರೋದು ಅರ್ಜಿಯಲ್ಲಿ ಗಟ್ಟಿ ಸಾಲು. ತಮ್ಮ-ತಂಗಿಯರನ್ನು ನೋಡಿಕೊಳ್ಳೋದು, ಸಂಬಳದ ಕೆಲಸ ಇವಕ್ಕೂ ಕಾಮನ್ ಆ್ಯಪ್‌ನಲ್ಲಿ ಪ್ರತ್ಯೇಕ ವರ್ಗವೇ ಇದೆ.

ಒಂಬತ್ತನೇ_ಗ್ರೇಡ್_ಅಪ್ಪ

ತುಂಬಾ ಉಪಯೋಗ ಆಯ್ತು. ಇನ್ನೆರಡು: ಪ್ರಾಜೆಕ್ಟಿನಲ್ಲಿ ನಾನು ಎಷ್ಟು ಕೈಹಾಕಬಹುದು? ಸ್ಕೌಟ್‌ಮಾಸ್ಟರ್ ಹತ್ತಿರ ಶಿಫಾರಸು ಪತ್ರ ಬರೆಸಬೇಕಾ?

ಉತ್ತರ · ಬ್ಯಾಜ್_ಲೆಕ್ಕಿಗ

ಗಾಡಿ ಓಡಿಸಿ, ಗರಗಸ ಹಿಡಿಯಿರಿ, ಹಲಗೆ ಹೊರಿರಿ. ಸಂಸ್ಥೆಗೆ ಫೋನ್, ಇಮೇಲ್, ಸಾಮಾನಿನ ಪಟ್ಟಿ, ಸ್ವಯಂಸೇವಕರನ್ನು ಕರೆಯೋದು, ಅವತ್ತಿನ ದಿನ ಯಾರು ಏನು ಮಾಡಬೇಕು ಅಂತ ಹೇಳೋದು ಅವಳದೇ ಆಗಿರಬೇಕು. ಬೋರ್ಡ್‌ನಲ್ಲಿ "ಯೋಜನೆ ಎಲ್ಲಿ ತಪ್ಪಿತು, ಆಗ ಏನು ಬದಲಾಯಿಸಿದೆ?" ಅಂತ ಕೇಳ್ತಾರೆ. ಅಪ್ಪ ನಡೆಸಿದ ಪ್ರಾಜೆಕ್ಟಿನ ಮಕ್ಕಳು ಈ ಪ್ರಶ್ನೆಗೆ ತಡವರಿಸ್ತಾರೆ. ಕಾಲೇಜು ಸಂದರ್ಶನದಲ್ಲೂ ಇದೇ ಕಥೆ.

ಈಗಲ್ ಅರ್ಜಿಯ ಜೊತೆ ತನ್ನ ಗುರಿ, ಜೀವನದ ಉದ್ದೇಶದ ಬಗ್ಗೆ ಒಂದು ಬರಹ, ಹಾಗೇ ಶಾಲೆ, ಸಮುದಾಯ, ದೇವಸ್ಥಾನ ಎಲ್ಲೆಲ್ಲಿ ಜವಾಬ್ದಾರಿ ಹೊತ್ತಳೋ ಅದರ ಪಟ್ಟಿ ಕೊಡಬೇಕು. ಅದನ್ನು ಎಸೆಯಬೇಡಿ, ಕಾಮನ್ ಆ್ಯಪ್‌ನ 650 ಪದದ ಪ್ರಬಂಧಕ್ಕೆ ಅರ್ಧ ಸಾಮಗ್ರಿ ಅಲ್ಲೇ ಇರುತ್ತೆ. ಆದರೆ "ನಾನು ಈಗಲ್ ಹೇಗಾದೆ" ಅನ್ನೋದೇ ಪ್ರಬಂಧ ಆಗೋದು ಬೇಡ. ಮಳೆ ಬಂದು ಅರ್ಧ ಜನ ಬರದ ದಿನ ಕೆಲಸ ಹೇಗೆ ಮರುಹಂಚಿದಳು ಅನ್ನುವ ಒಂದು ಬೆಳಗ್ಗೆ ಸಾಕು.

ಉತ್ತರ · ಫಾರ್ಮ್_ಓದುಗ

ಪತ್ರದ ಬಗ್ಗೆ: ಕಾಲೇಜುಗಳು ಕೇಳೋದು ಮುಖ್ಯವಾಗಿ ಶಾಲೆಯ ಕೌನ್ಸೆಲರ್ ಮತ್ತು ಶಿಕ್ಷಕರದ್ದು. ಸ್ಕೌಟ್‌ಮಾಸ್ಟರ್ ಬರೋದು "ಇತರ ಶಿಫಾರಸುದಾರ" ಜಾಗದಲ್ಲಿ, ಕೆಲವು ಕಾಲೇಜು ಅದನ್ನು ತೆಗೆದುಕೊಳ್ಳೋದೇ ಇಲ್ಲ. ತೆಗೆದುಕೊಳ್ಳುವ ಕಡೆಯೂ, ಶಿಕ್ಷಕರು ನೋಡಿರಲಾರದ ಸಂಗತಿಯನ್ನು ಅವರು ಬರೆಯಬಲ್ಲರು ಅನ್ನಿಸಿದರೆ ಮಾತ್ರ ಕೇಳಿ. ಅದಕ್ಕಿಂತ ಮುಖ್ಯ, ಟ್ರೂಪ್ ಶಾಲೆಯ ಹೊರಗಿನದು, ಕೌನ್ಸೆಲರ್‌ಗೆ ಅದು ಗೊತ್ತೇ ಇರಲ್ಲ. 11ನೇ ಗ್ರೇಡಿನ ಕೊನೆಯಲ್ಲಿ ಶಾಲೆ ಕೊಡುವ ಬ್ರ್ಯಾಗ್ ಶೀಟ್‌ನಲ್ಲಿ (ತನ್ನ ಸಾಧನೆಗಳನ್ನು ತುಂಬಿಕೊಡುವ ಹಾಳೆ) ಹುದ್ದೆ, ಅವಧಿ, ಪ್ರಾಜೆಕ್ಟಿನ ಎರಡು ಸಾಲು ಬರೆದುಕೊಡಲಿ.