ಸಹಾಯ ಬೇಕು: ಫ್ಲಶ್ ಟ್ಯಾಂಕ್ ನಟ್ ಸೋರುತ್ತಿದೆ, ಟೇಪ್ ಸುತ್ತಿದರೂ ನಿಲ್ಲುತ್ತಿಲ್ಲ (ವಿಜಯಪುರ)

ಅಣ್ಣಾರ, ಅಕ್ಕಾರ, ನಮಸ್ಕಾರ. ಪ್ಲಂಬಿಂಗ್ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ.

ನಮ್ಮ ಟಾಯ್ಲೆಟ್‌ನ ಪ್ಲಾಸ್ಟಿಕ್ ಫ್ಲಶ್ ಟ್ಯಾಂಕ್‌ಗೆ ನೀರು ಬರುವ ಕಡೆ ಸೋರುತ್ತಿದೆ. ಕನೆಕ್ಷನ್ ಪೈಪಿನ ನಟ್ ಕೆಳಗೆ ಹನಿ ಕೂಡುತ್ತದೆ, ಬೀಳುತ್ತದೆ, ಮತ್ತೆ ಕೂಡುತ್ತದೆ. ಎಲ್ಲಾ ಒರೆಸಿ ಒಣ ಕಾಗದ ಹಿಡಿದು ನೋಡಿದೆ. ಗೋಡೆಯ ಆಂಗಲ್ ಕಾಕ್ (ನೀರು ಬಂದ್ ಮಾಡುವ ಚಿಕ್ಕ ನಲ್ಲಿ) ಒಣಗಿಯೇ ಇದೆ, ಟ್ಯಾಂಕ್ ಕಡೆಯ ನಟ್ ಮಾತ್ರ ಒದ್ದೆ.

ರಿಪೇರಿಗೆ ಬಂದವರು ಥ್ರೆಡ್ ಮೇಲೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿ, ಅದರ ಮೇಲೆ ಪೇಸ್ಟ್ ಬೇರೆ ಹಚ್ಚಿ, ಸ್ಪ್ಯಾನರ್‌ನಿಂದ ಬಿಗಿದು ಹೋದರು. ಆದರೆ ಈ ನಟ್‌ನಲ್ಲಿ ನೀರು ತಡೆಯೋದು ಒಳಗಿನ ರಬ್ಬರ್ ವಾಷರ್, ಥ್ರೆಡ್ ಅಲ್ಲ. ಟೇಪ್ ಬೇಕಾಗೋದು ಗೋಡೆಯ ಎಲ್ಬೋಗೆ (ಪೈಪಿನ ಬಾಗಿದ ತುಂಡು) ಆಂಗಲ್ ಕಾಕ್ ಕೂರಿಸುವಾಗ, ಅಲ್ವಾ? ಅಲ್ಲಿಯೂ ಥ್ರೆಡ್ ತಿರುಗುವ ದಿಕ್ಕಿನಲ್ಲೇ ಸುತ್ತಬೇಕು, ಇಲ್ಲದಿದ್ದರೆ ಬಿಗಿಯುವಾಗ ಟೇಪ್ ಬಿಚ್ಚಿ ಗುಂಪಾಗುತ್ತದೆ. ಇನ್ನೂ ಬಿಗಿದರೆ ಪ್ಲಾಸ್ಟಿಕ್ ಥ್ರೆಡ್ ಸೀಳುತ್ತದೆ ಅನ್ನೋ ಭಯ. ಆ ಥ್ರೆಡ್ ಒಳಗಿನ ಬಾಲ್ ಕಾಕ್‌ನದೇ (ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ವಾಲ್ವ್) ಭಾಗ, ಹಾಗಾದರೆ ಅದನ್ನೇ ಪೂರ್ತಿ ಬದಲಿಸಬೇಕು.

ನಮ್ಮದು ಬೋರಿನ ಸವಳು ನೀರು. ನಟ್ ಸುತ್ತ ಬಿಳಿ ಪದರ ಕಟ್ಟಿದೆ. ವಿನೆಗರ್ ಬಟ್ಟೆ ಸುತ್ತಿಟ್ಟರೆ ಬಿಡುತ್ತದಾ, ಯಾರಾದ್ರೂ ಮಾಡಿದ್ದೀರಾ? ಹಚ್ಚಿರುವ ಪೇಸ್ಟ್ ಪ್ಲಾಸ್ಟಿಕ್‌ಗೆ ಆಗಿಬರುತ್ತದಾ, ಅಥವಾ ಎಲ್ಲಾ ಕೆರೆದು ತೆಗೆಯಬೇಕಾ? ಅರ್ಧ ಇಂಚಿನ ಒಳ್ಳೆ ರಬ್ಬರ್ ವಾಷರ್ ಗಾಂಧಿ ಚೌಕದ ಸುತ್ತ ಬಿಡಿಯಾಗಿ ಸಿಗುತ್ತದಾ? ಬೇಸಿಗೆಯಲ್ಲಿ ಇಷ್ಟು ನೀರು ಸುಮ್ನೆ ಹರಿದು ಹೋಗೋದು ನೋಡೋಕಾಗ್ತಿಲ್ಲ. ಸದ್ಯಕ್ಕೆ ಕಾಕ್ ಬಂದ್ ಮಾಡಿ ಬಕೆಟ್‌ನಿಂದ ನೀರು ಹಾಕುತ್ತಿದ್ದೇವೆ.