ಐಡಿ ಇಲ್ಲದ ಬಟನ್ ಹಿಡಿಯುವುದು ಹೇಗೆ?

ಪ್ರಶ್ನೆ: ಮೇಡಂ, ದಾವಣಗೆರೆಯ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ದಲಾಲಿ ಮಂಡಿಗಳಿಗೆ ಬಿಲ್ ಬರೆಯುವ ವೆಬ್ ತಂತ್ರಾಂಶ ನಮ್ಮದು. ಮೆಕ್ಕೆಜೋಳದ ಲಾಟ್‌ಗಳ ಪಟ್ಟಿಯಲ್ಲಿ ಪ್ರತಿ ಸಾಲಿನ ಕೊನೆಗೆ ಕಸದ ಬುಟ್ಟಿಯ ಚಿತ್ರವಿರುವ ಬಟನ್ ಇದೆ. ಅದಕ್ಕೆ ಕೋಡ್‌ನಲ್ಲಿ ಗುರುತಿನ ಐಡಿಯೂ ಇಲ್ಲ, ಹೆಸರೂ ಇಲ್ಲ. ಬ್ರೌಸರ್‌ನಿಂದ ಪೂರ್ತಿ ಎಕ್ಸ್‌ಪಾತ್ (ಪುಟದಲ್ಲಿ ಬಟನ್ ಇರುವ ಜಾಗಕ್ಕೆ ದಾರಿ ಹೇಳುವ ಬರಹ) ನಕಲು ಮಾಡಿ, ಬ್ರೌಸರನ್ನು ತಾನೇ ನಡೆಸಿ ಟೆಸ್ಟ್ ಮಾಡುವ ಸೆಲೆನಿಯಂಗೆ ಕೊಟ್ಟಿದ್ದೇನೆ. ಎರಡು ದಿನ ಓಡುತ್ತದೆ, ಮೂರನೆಯ ದಿನ ಕೈಕೊಡುತ್ತದೆ.

ಉತ್ತರ: ಕೈಕೊಟ್ಟಿದ್ದೇ ಪುಣ್ಯ. ನಕಲು ಮಾಡಿದ ಆ ದಾರಿಗೆ ಗೊತ್ತಿರುವುದು ‘ಮೂರನೆಯ ಸಾಲು, ಆರನೆಯ ಕೋಶ’ ಅಷ್ಟೇ. ಮೇಲೊಂದು ಹೊಸ ಲಾಟ್ ಬಂದರೆ ಮೂರನೆಯ ಸಾಲು ಬೇರೆ ರೈತನದು. ಟೆಸ್ಟ್ ಅದನ್ನೇ ಅಳಿಸಿ, ಒಂದು ಸಾಲು ಕಡಿಮೆಯಾಯಿತೆಂದು ಹಸಿರು (ಪಾಸ್) ತೋರಿಸಿಬಿಡಬಹುದು. ನನಗೆ ಕೆಂಪಿಗಿಂತ ಅಂಥ ಹಸಿರಿನದೇ ಭಯ.

ಮಂಡಿಯ ಗುಮಾಸ್ತರು ಸಾಲು ಎಣಿಸುತ್ತಾರೆಯೇ? ಲಾಟ್ ನಂಬರ್ ನೋಡುತ್ತಾರೆ. ನೀವೂ ಆ ನಂಬರ್ ಇರುವ ಟಿಡಿಯನ್ನು, ಅಂದರೆ ಕೋಶವನ್ನು ಹಿಡಿದು, ಎಕ್ಸ್‌ಪಾತ್‌ನಲ್ಲಿ ಹೊರಗಿನ ಪೆಟ್ಟಿಗೆಗೆ ಹೋಗುವ ಆನ್ಸೆಸ್ಟರ್ ಮೂಲಕ ಅದರ ಸಾಲಾದ ಟಿಆರ್‌ಗೆ ಹತ್ತಿ, ಅಲ್ಲಿಂದ ಬಟನ್‌ಗೆ ಇಳಿಯಿರಿ. ‘ಇದು ಒಳಗಿದೆಯೇ’ ಎಂದಷ್ಟೇ ನೋಡುವ ಕಂಟೇನ್ಸ್ ಬಳಸಬೇಡಿ: 12 ಹುಡುಕಿದರೆ 112 ಕೂಡ ಸಿಗುತ್ತದೆ. ಹೆಚ್ಚುವರಿ ಖಾಲಿ ಜಾಗ ತೆಗೆಯುವ ನಾರ್ಮಲೈಸ್-ಸ್ಪೇಸ್ ಹಾಕಿ ಪೂರ್ತಿ ಹೋಲಿಸಿ.

ಸೆಲೆನಿಯಂ 4ರಲ್ಲಿ ‘ಇದರ ಬಲಕ್ಕಿರುವುದು’ ಎಂದು ಹುಡುಕುವ ಸೌಲಭ್ಯವಿದೆ. ಪರದೆಯ ಅಗಲ ಬದಲಾದರೆ ಅದರ ಲೆಕ್ಕವೂ ಬದಲಾಗುತ್ತದೆ, ನಾನು ಬಳಸುವುದಿಲ್ಲ.

ಜೊತೆಗೆ, ಸಂಕೋಚ ಬಿಟ್ಟು ಡೆವಲಪರ್ ಬಳಿ ಹೋಗಿ ಆ ಬಟನ್‌ಗೆ ಪರದೆಯಲ್ಲಿ ಕಾಣದ ಹೆಸರು, ಅಂದರೆ ಏರಿಯಾ-ಲೇಬಲ್ ಕೇಳಿ. ಹೆಸರಿಲ್ಲದ ಬಟನ್ ಬಂದಾಗ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಬರೀ ‘ಬಟನ್’ ಎಂದು ಓದಿ ಸುಮ್ಮನಾಗುತ್ತದೆ. ಟೆಸ್ಟ್‌ಗಾಗಿ ಎಂದರೆ ಮುಂದೂಡುವವರು ಇದಕ್ಕೆ ಒಪ್ಪುತ್ತಾರೆ.

ಪ್ರಶ್ನೆ: ಒಪ್ಪಿದರು ಮೇಡಂ, ‘ಲಾಟ್ ಅಳಿಸಿ’ ಎಂದು ಹಾಕಿಕೊಟ್ಟರು. ನಾನೂ ಟೆಸ್ಟ್‌ನಲ್ಲಿ ಅದನ್ನೇ ಟೈಪ್ ಮಾಡಿದ್ದೇನೆ. ಅಕ್ಷರ ಅಕ್ಷರ ಹೋಲಿಸಿದೆ, ಒಂದೇ ಇದೆ. ಆದರೂ ಸಿಗುತ್ತಿಲ್ಲ.

ಉತ್ತರ: ಕನ್ನಡದ ಪರದೆಗಳಲ್ಲಿ ಇದು ನನ್ನನ್ನೂ ಒಂದು ಮಧ್ಯಾಹ್ನವಿಡೀ ಆಟವಾಡಿಸಿದೆ. ‘ಟ್’ ಬರೆದ ಮೇಲೆ ಒತ್ತಕ್ಷರ ಆಗದಿರಲೆಂದು ಕೆಲವು ಕೀಲಿಮಣೆಗಳಲ್ಲಿ ಕಾಣದ ಅಕ್ಷರವೊಂದನ್ನು ಸೇರಿಸುತ್ತೇವೆ. ಮುಂದೆ ಖಾಲಿ ಜಾಗವಿದ್ದರೆ ಅದು ಬೇಕಿಲ್ಲ, ಆದರೂ ಕೈ ಅಭ್ಯಾಸದಿಂದ ಒತ್ತಿಬಿಡುತ್ತದೆ. ನಾರ್ಮಲೈಸ್-ಸ್ಪೇಸ್ ಅದನ್ನು ತೆಗೆಯುವುದಿಲ್ಲ. ಬ್ರೌಸರ್ ಕನ್ಸೋಲ್‌ನಲ್ಲಿ ಎರಡೂ ಪಠ್ಯಗಳ ಉದ್ದ ನೋಡಿ.

ಪ್ರಶ್ನೆ: ನನ್ನದು 10, ಅವರದು 11!

ಉತ್ತರ: ಅವರದನ್ನೇ ತಿದ್ದಿಸಿ. ಹಾಗೆಯೇ ಟೆಸ್ಟ್‌ಗೆಂದೇ ಇಡುವ ಗುರುತಾದ, ಇಂಗ್ಲಿಷ್ ಅಕ್ಷರದ ಒಂದು ಡೇಟಾ-ಟೆಸ್ಟ್‌ಐಡಿಯನ್ನೂ ಕೇಳಿ ಪಡೆಯಿರಿ, ಹೇಗೂ ಒಪ್ಪುವ ಮನಸ್ಸಿನಲ್ಲಿದ್ದಾರೆ.