ಜಲಕೃಷಿ ಅಂದರೆ ಮೀನೋ, ಸೊಪ್ಪೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ನನ್ನ ತಮ್ಮ ಹಾಸನದ ಹತ್ತಿರ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ ಕಟ್ಟಿಸಿದ್ದಾನೆ. ಒಳಗಿನ ಬಿಸಿ, ತೇವ ಎರಡನ್ನೂ ಹಿಡಿತದಲ್ಲಿಟ್ಟು ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರದ ಲವಣ ಬೆರೆಸಿದ ನೀರಿನಲ್ಲೇ, ಲೆಟಿಸ್ ಎಂಬ ಸಲಾಡ್ ಸೊಪ್ಪು ಬೆಳೆಯುತ್ತಾನೆ. ಸಕಲೇಶಪುರದ ರೆಸಾರ್ಟ್‌ಗಳಿಗೂ ಬೆಂಗಳೂರಿಗೂ ಹೋಗುತ್ತದೆ. ಅವನ ಸಾಲದ ಅರ್ಜಿ ಬರೆದುಕೊಟ್ಟವನು ನಾನು. ಅಲ್ಲಿ ಇಲ್ಲಿ ಓದಿದ್ದ 'ಜಲಕೃಷಿ' ಎಂಬ ಪದವನ್ನೇ ಹಾಕಿದೆ. ಬ್ಯಾಂಕಿನಲ್ಲಿ ಅದನ್ನು ಮೀನು ಸಾಕಣೆ ಅಂದುಕೊಂಡರು. ಅರ್ಜಿ ಬೇರೆ ಮೇಜಿಗೆ ಹೋಗಿ ಮೂರು ವಾರ ಕೂತಿತು. ಅವರದು ತಪ್ಪು ಅನ್ನಲಾರೆ. ಮೀನು, ಸಿಗಡಿ ಸಾಕುವುದಕ್ಕೂ ಜಲಕೃಷಿ ಅಂತಲೇ ಬರೆಯುತ್ತೇವೆ, ಅಲ್ವಾ?

ಇಂಗ್ಲಿಷಿನಲ್ಲೂ ಇದೇ ತೊಡಕು ಬಂದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಗೆರಿಕೆ ನೀರಿನಲ್ಲಿ ಬೆಳೆ ತೆಗೆಯುವ ತಮ್ಮ ವಿಧಾನವನ್ನು ಮೊದಲು 'ಅಕ್ವಾಕಲ್ಚರ್' ಎಂದು ಕರೆದಿದ್ದರು. ಆ ಹೆಸರು ಆಗಲೇ ನೀರಿನ ಜೀವಿಗಳನ್ನು ಸಾಕುವುದಕ್ಕೆ ಬಳಕೆಯಲ್ಲಿತ್ತು. ಹಾಗಾಗಿ 1937ರಲ್ಲಿ 'ಹೈಡ್ರೋಪೋನಿಕ್ಸ್' ತಂದರು. ಸೂಚಿಸಿದ್ದು ಅಲ್ಲಿಯವರೇ ಆದ ಸೆಚೆಲ್. ಗ್ರೀಕಿನಲ್ಲಿ ಹೈಡ್ರೋ ಅಂದರೆ ನೀರು, ಪೋನೋಸ್ ಅಂದರೆ ದುಡಿಮೆ.

ಈ ದುಡಿಮೆ ಎಂಬ ಅರ್ಥವೇ ನನ್ನನ್ನು ಹಿಡಿದು ನಿಲ್ಲಿಸಿತು. 'ಕೃಷಿ'ಯ ಧಾತುವಿನಲ್ಲೇ ಉಳುಮೆ ಇದೆ. ಪೈಪಿನಲ್ಲಿ ತೆಳ್ಳಗೆ ಹರಿಯುವ ನೀರಿಗೆ ಬೇರು ಇಳಿಬಿಟ್ಟ ಗಿಡಕ್ಕೆ ಉಳುಮೆ ಎಲ್ಲಿಂದ ಬರಬೇಕು? 'ಬೇಸಾಯ' ಹಾಗಲ್ಲ. ಅದು 'ವ್ಯವಸಾಯ'ದ ತದ್ಭವ. ವ್ಯವಸಾಯ ಅಂದರೆ ಮೂಲದಲ್ಲಿ ಪಟ್ಟು ಹಿಡಿದು ಮಾಡುವ ಪ್ರಯತ್ನ. ತಮ್ಮ ದಿನಾ ಬೆಳಿಗ್ಗೆ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರ ಒಳಗಿದೆಯಾ ಅಂತ ನೋಡುತ್ತಾನೆ. ಗೊಬ್ಬರದ ಲವಣ ಅಳೆದು ಬೆರೆಸುತ್ತಾನೆ. ಕರೆಂಟ್ ಹೋದರೆ ಊಟ ಬಿಟ್ಟು ಪಂಪಿನ ಹತ್ತಿರ ಓಡುತ್ತಾನೆ. ಅದಕ್ಕೇ 'ನೀರುಬೇಸಾಯ' ಅನ್ನೋಣ ಅನಿಸುತ್ತಿದೆ. ಗ್ರೀಕ್ ಪದದ ಎರಡು ತುಂಡಿಗೂ ಸರಿ ಹೊಂದುತ್ತದೆ.

ಆದರೆ ಒಂದು ಅಳುಕು. ನಮ್ಮ ಕಡೆ ನೀರುಬೇಸಾಯ ಅಂದರೆ ಹೇಮಾವತಿ ನಾಲೆಯ ಕೆಳಗಿನ ಗದ್ದೆ ಅಂದುಕೊಂಡಾರು. 'ಮಣ್ಣಿಲ್ಲದ ಬೇಸಾಯ' ಅಂದರೆ ಯಾರಿಗೂ ಥಟ್ಟನೆ ತಿಳಿಯುತ್ತದೆ. ಆದರೆ ಅದರ ಹರವು ಜಾಸ್ತಿ. ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ದೊಣ್ಣೆ ಮೆಣಸಿನಕಾಯಿ ಬೆಳೆದರೂ ಅದೇ. ಬೇರನ್ನು ಗಾಳಿಯಲ್ಲಿ ತೂಗುಬಿಟ್ಟು, ಮಂಜಿನ ಹಾಗೆ ನೀರು ಚಿಮ್ಮಿಸಿ ಬಿತ್ತನೆ ಆಲೂಗಡ್ಡೆ ಬೆಳೆದರೂ ಅದೇ. ಆಲೂಗಡ್ಡೆಯ ಊರಿನವರು ನಾವು, ಈ ಕೊನೆಯದಕ್ಕೂ ಒಂದು ಹೆಸರು ಬೇಕೇ ಬೇಕು. ಸುಮ್ನೆ ಏರೋಪೋನಿಕ್ಸ್ ಅಂತ ಬಿಡಲು ನನಗೆ ಮನಸ್ಸಿಲ್ಲ.

'ಮಣ್ಣಿಲ್ಲದ ಬೇಸಾಯ' ಒಟ್ಟು ಹೆಸರಾಗಿ, ಅದರ ಒಳಗೆ ನೀರುಬೇಸಾಯ, ಗಾಳಿಬೇಸಾಯ ಅಂತ ಮಾಡಿದರೆ ನಡೆದೀತೇ? ತಮ್ಮನಲ್ಲಿ ಕೆಲಸಕ್ಕೆ ಬರುವ ಹೆಂಗಸರು 'ಪೈಪ್ ತೋಟ' ಅನ್ನುತ್ತಾರೆ. ಚಿಕ್ಕಮಗಳೂರು ಕಡೆಯವರು, ನಿಮ್ಮಲ್ಲಿ ಜನ ಏನಂತಾರೆ?